ಜರ್ಮನಿಯ ರೋಗಿ ಕಡತಕ್ಕೆ ಇಪ್ಪತ್ತು ವರ್ಷ ಹಿಡಿದದ್ದೇಕೆ? ಯುರೋಪಿನ ಆರೋಗ್ಯ ವ್ಯವಸ್ಥೆಗಳ ಡಿಜಿಟಲೀಕರಣದ ಬಗ್ಗೆ ಚರ್ಚೆ

ರೈನ್ ತೀರದವ, ಕೊಲೋನ್

2025ರ ಅಕ್ಟೋಬರ್ 1ರಿಂದ ಜರ್ಮನಿಯಲ್ಲಿ ಶಾಸನಬದ್ಧ ಆರೋಗ್ಯ ವಿಮಾ ನಿಧಿಗಳ ರೋಗಿಗಳನ್ನು ನೋಡುವ ವೈದ್ಯರು ಮತ್ತು ಆಸ್ಪತ್ರೆಗಳು ರೋಗಿಯ ಎಲೆಕ್ಟ್ರಾನಿಕ್ ಕಡತವನ್ನು, ಅಂದರೆ ಇಲ್ಲಿನವರು ‘ಇಪಿಎ’ ಎನ್ನುವುದನ್ನು, ಬಳಸುವುದು ಕಡ್ಡಾಯವಾಗಿದೆ. ಸುಮಾರು ಏಳು ಕೋಟಿ ಜನರ ಹೆಸರಿನಲ್ಲಿ ಕಡತ ತೆರೆಯಲಾಗಿದೆ. ಈ ಊರಿನಲ್ಲಿ ಆಸ್ಪತ್ರೆಗಳ ತಂತ್ರಾಂಶದ ಕೆಲಸ ಮಾಡುವ ನನಗೆ ಇದು ಸಂತೋಷದ ವಿಷಯವೇ ಆದರೂ, ಇದರ ಹಿಂದಿನ ಕಥೆಯನ್ನು ನೆನೆದಾಗಲೆಲ್ಲ ಒಂದು ಪ್ರಶ್ನೆ ಕಾಡುತ್ತದೆ. ಅದನ್ನು ಇಲ್ಲಿ ಚರ್ಚೆಗೆ ಇಡುತ್ತಿದ್ದೇನೆ.

ಈ ಕಥೆ ಆರಂಭವಾದದ್ದು 2001ರಲ್ಲಿ. ಆ ವರ್ಷದ ಆಗಸ್ಟ್‌ನಲ್ಲಿ ಬೇಯರ್ ಕಂಪನಿ ಲಿಪೊಬೇ ಎಂಬ ಕೊಲೆಸ್ಟ್ರಾಲ್ ಮಾತ್ರೆಯನ್ನು ಮಾರುಕಟ್ಟೆಯಿಂದ ಹಿಂತೆಗೆದುಕೊಂಡಿತು. ಅದು ಕೆಲವರಲ್ಲಿ ಸ್ನಾಯುಗಳನ್ನೇ ಕರಗಿಸಿ ಪ್ರಾಣಕ್ಕೆ ಎರವಾಗಿತ್ತು, ಜೆಮ್‌ಫೈಬ್ರೋಜಿಲ್ ಎಂಬ ಇನ್ನೊಂದು ಔಷಧದೊಡನೆ ಸೇರಿದಾಗ ಅಪಾಯ ಇನ್ನೂ ಹೆಚ್ಚಾಗುತ್ತಿತ್ತು. ಒಬ್ಬ ರೋಗಿ ಯಾವ ಯಾವ ಔಷಧ ತೆಗೆದುಕೊಳ್ಳುತ್ತಿದ್ದಾನೆ ಎಂಬುದು ಒಂದೇ ಕಡೆ ಕಾಣುವಂತಿದ್ದರೆ ಎಷ್ಟು ಜನ ಉಳಿಯುತ್ತಿದ್ದರು ಎಂಬ ಚರ್ಚೆ ಆಗ ಎದ್ದಿತು. 2003ರಲ್ಲಿ ಕಾನೂನು ಬಂತು, 2006ರ ಜನವರಿ 1ರೊಳಗೆ ಎಲೆಕ್ಟ್ರಾನಿಕ್ ಆರೋಗ್ಯ ಕಾರ್ಡ್ ಎಲ್ಲರ ಕೈಸೇರಬೇಕು ಎಂದು ಅದು ಹೇಳಿತು. ಈ ಜಾಲವನ್ನು ಕಟ್ಟಲೆಂದು 2005ರಲ್ಲಿ ಗೆಮಾಟಿಕ್ ಎಂಬ ಸಂಸ್ಥೆಯೂ ಹುಟ್ಟಿತು. ಆದರೂ ಕಡತ ಎಂಬುದು ರೋಗಿಗಳಿಗೆ ಸಿಕ್ಕಿದ್ದು 2021ರ ಜನವರಿಯಲ್ಲಿ. ಅದೂ ಕೇಳಿಕೊಂಡವರಿಗೆ ಮಾತ್ರ. ಕೇಳಿಕೊಂಡವರು ನೂರಕ್ಕೆ ಒಬ್ಬರ ಆಸುಪಾಸಿನಲ್ಲೇ ಉಳಿದರು. ಕೊನೆಗೆ 2024ರ ಕಾನೂನು ಲೆಕ್ಕವನ್ನೇ ತಿರುಗಿಸಿತು. ಬೇಡ ಎಂದು ತಿಳಿಸದ ಎಲ್ಲರಿಗೂ ಕಡತ ತಾನಾಗಿಯೇ ತೆರೆಯುತ್ತದೆ ಎಂದಾಯಿತು. 2025ರ ಜನವರಿ 15ರಂದು ಹ್ಯಾಂಬರ್ಗ್, ಫ್ರಾಂಕೋನಿಯಾ ಮತ್ತು ನಾರ್ತ್ ರೈನ್-ವೆಸ್ಟ್‌ಫಾಲಿಯಾದ ಕೆಲವು ಭಾಗಗಳಲ್ಲಿ ಪರೀಕ್ಷಾರ್ಥ ಆರಂಭ, ಏಪ್ರಿಲ್ 29ರಿಂದ ದೇಶದಾದ್ಯಂತ.

ಇದೇ ಅವಧಿಯಲ್ಲಿ ಎಸ್ಟೋನಿಯಾದಂಥ ಪುಟ್ಟ ದೇಶ ಎಲ್ಲವನ್ನೂ ಮುಗಿಸಿ ಕುಳಿತಿತ್ತು. ಬರ್ಟೆಲ್ಸ್‌ಮನ್ ಪ್ರತಿಷ್ಠಾನ 2018ರಲ್ಲಿ ಆರೋಗ್ಯ ಸೇವೆಯ ಡಿಜಿಟಲೀಕರಣದಲ್ಲಿ 17 ದೇಶಗಳನ್ನು ಹೋಲಿಸಿದಾಗ ಎಸ್ಟೋನಿಯಾ ಮೊದಲನೆಯದಾಗಿ, ಜರ್ಮನಿ 16ನೆಯದಾಗಿ ನಿಂತವು. ಹಣ, ಎಂಜಿನಿಯರುಗಳು, ಒಳ್ಳೆಯ ಆಸ್ಪತ್ರೆಗಳು ಎಲ್ಲವೂ ಇದ್ದ ದೇಶ ಹಿಂದುಳಿದದ್ದೇಕೆ? ಯುರೋಪಿನ ಬೇರೆ ಬೇರೆ ಕಡೆ ಕೆಲಸ ಮಾಡುತ್ತಿರುವ ಕನ್ನಡಿಗರು ಇಲ್ಲಿದ್ದೀರಿ, ನಿಮ್ಮ ದೇಶಗಳಲ್ಲಿ ಏನಾಯಿತು ಎಂಬುದನ್ನು ವಿವರವಾಗಿ ಬರೆಯಬೇಕೆಂದು ವಿನಂತಿ.

ಟಾರ್ಟು ಸಂಶೋಧಕಿ

ಎಸ್ಟೋನಿಯಾದ ಬಗ್ಗೆ ಹೊರಗಿನವರು ಬರೆಯುವಾಗ ಅದೊಂದು ಪವಾಡ ಎಂಬಂತೆ ಬರೆಯುತ್ತಾರೆ. ಇಲ್ಲಿ ಬಂದು ನೋಡಿದರೆ ಕಾಣುವುದು ತಾಳ್ಮೆಯಿಂದ ಸರಿಯಾದ ಅನುಕ್ರಮದಲ್ಲಿ ಮಾಡಿದ ಕೆಲಸ. 1991ರಲ್ಲಿ ಸ್ವಾತಂತ್ರ್ಯ ಮರಳಿದಾಗ ಈ ದೇಶಕ್ಕೆ ಕಾಪಾಡಿಕೊಳ್ಳಬೇಕಾದ ಹಳೆಯ ಗಣಕ ವ್ಯವಸ್ಥೆಗಳು ಹೆಚ್ಚಿರಲಿಲ್ಲ. 2001ರಲ್ಲಿ ಸರ್ಕಾರಿ ದತ್ತಾಂಶ ಕೋಶಗಳು ಪರಸ್ಪರ ಮಾತನಾಡಿಕೊಳ್ಳುವ ಎಕ್ಸ್-ರೋಡ್ ಜಾಲ ಬಂತು. 2002ರಲ್ಲಿ ಗುರುತಿನ ಚೀಟಿ ಬಂತು, ಅದರಿಂದಲೇ ಡಿಜಿಟಲ್ ಸಹಿಯನ್ನೂ ಹಾಕಬಹುದಾಯಿತು. ರಾಷ್ಟ್ರೀಯ ಆರೋಗ್ಯ ಮಾಹಿತಿ ವ್ಯವಸ್ಥೆ 2008ರ ಕೊನೆಗೆ ಆರಂಭವಾಯಿತು, 2010ರ ಜನವರಿಯಲ್ಲಿ ಇ-ಪ್ರಿಸ್ಕ್ರಿಪ್ಷನ್, ಅಂದರೆ ಕಾಗದವಿಲ್ಲದ ಔಷಧ ಚೀಟಿ. ಅಂದರೆ ಆಸ್ಪತ್ರೆಯ ಬಾಗಿಲಿಗೆ ಡಿಜಿಟಲ್ ವ್ಯವಸ್ಥೆ ಬರುವ ಹೊತ್ತಿಗೆ ಜನರು ಅದೇ ಚೀಟಿಯಿಂದ ತೆರಿಗೆ ಸಲ್ಲಿಸಿ, ಬ್ಯಾಂಕ್ ವ್ಯವಹಾರ ಮಾಡಿ ಅಭ್ಯಾಸವಾಗಿದ್ದರು. ವೈದ್ಯರಿಗೂ ರೋಗಿಗಳಿಗೂ ಹೊಸದಾಗಿ ಕಲಿಯಬೇಕಾದದ್ದು ಸ್ವಲ್ಪವೇ ಇತ್ತು.

ಇನ್ನೊಂದು ಸಂಗತಿ ನನಗೆ ಇದಕ್ಕಿಂತ ಮುಖ್ಯವೆನಿಸುತ್ತದೆ. ಇಲ್ಲಿಯೂ ಕಡತ ಎಲ್ಲರಿಗೂ ತಾನಾಗಿಯೇ ಇರುತ್ತದೆ, ಆದರೆ ನನ್ನ ಕಡತವನ್ನು ಯಾರು, ಯಾವಾಗ ತೆರೆದು ನೋಡಿದರು ಎಂಬುದನ್ನು ನಾನೇ ಪೋರ್ಟಲ್‌ಗೆ ಹೋಗಿ ನೋಡಬಹುದು, ಬೇಕೆಂದರೆ ವೈದ್ಯರಿಗೆ ಕಾಣದಂತೆ ಮುಚ್ಚಲೂಬಹುದು. ಕಾರಣವಿಲ್ಲದೆ ಇಣುಕಿದವರು ಉತ್ತರ ಕೊಡಬೇಕಾಗುತ್ತದೆ. ಕಾಗದದ ಕಡತವನ್ನು ಯಾರು ತಿರುವಿ ಹಾಕಿದರು ಎಂಬುದು ಯಾರಿಗೂ ತಿಳಿಯುತ್ತಿರಲಿಲ್ಲ ಎಂಬುದನ್ನು ಮರೆಯಬಾರದು.

ತೊಂದರೆಗಳೇ ಬರಲಿಲ್ಲವೆಂದಲ್ಲ. 2017ರಲ್ಲಿ ಗುರುತಿನ ಚೀಟಿಯ ಚಿಪ್‌ನಲ್ಲಿ ಗೂಢಲಿಪಿಯ ದೋಷ ಪತ್ತೆಯಾಗಿ ಏಳೂವರೆ ಲಕ್ಷದಷ್ಟು ಚೀಟಿಗಳು ಅಪಾಯಕ್ಕೆ ಸಿಲುಕಿದವು. 13 ಲಕ್ಷ ಜನಸಂಖ್ಯೆಯ ದೇಶದಲ್ಲಿ ಅದು ಸಣ್ಣ ಸಂಖ್ಯೆಯಲ್ಲ. ಸರ್ಕಾರ ಅದನ್ನು ಮುಚ್ಚಿಡದೆ ಸೆಪ್ಟೆಂಬರ್‌ನಲ್ಲಿಯೇ ಪ್ರಕಟಿಸಿತು, ನವೆಂಬರ್‌ನಲ್ಲಿ ದೋಷವಿದ್ದ ಪ್ರಮಾಣಪತ್ರಗಳನ್ನು ತಡೆಹಿಡಿದು ಹೊಸದನ್ನು ಕೊಟ್ಟಿತು. ಜನರ ವಿಶ್ವಾಸ ಉಳಿಯಲು ಈ ಪಾರದರ್ಶಕತೆಯೇ ಕಾರಣ ಎಂದು ನಾನು ನಂಬುತ್ತೇನೆ.

ಚಿತ್ರಣ ತಂತ್ರಾಂಶದವನು, ಬೆಂಗಳೂರು

ಫಿಲಿಪ್ಸ್, ಸೀಮೆನ್ಸ್ ಹೆಲ್ತಿನಿಯರ್ಸ್‌ನಂಥ ಯುರೋಪಿನ ಕಂಪನಿಗಳ ದೊಡ್ಡ ತಂತ್ರಾಂಶ ಕೇಂದ್ರಗಳು ನಮ್ಮ ಊರಿನಲ್ಲಿವೆ. ಅಲ್ಲಿನ ಎಂಆರ್‌ಐ, ಸಿಟಿ ಯಂತ್ರಗಳೊಳಗೆ ಓಡುವ ತಂತ್ರಾಂಶದ ಒಂದಷ್ಟು ಭಾಗ ಇಲ್ಲಿ ಬರೆದದ್ದು. ಅಂಥ ಕೆಲಸದಲ್ಲೇ ವರ್ಷಗಳನ್ನು ಕಳೆದವನಾಗಿ, ಭದ್ರತೆಯ ಮಾತು ಇಲ್ಲಿ ಹಿಂದೆ ಸರಿಯಬಾರದು ಎಂದು ಒತ್ತಿ ಹೇಳುತ್ತೇನೆ.

ಜರ್ಮನಿಯ ವಿಳಂಬವನ್ನು ಕೇವಲ ಸೋಮಾರಿತನ ಎನ್ನುವುದು ಸರಿಯಲ್ಲ. 2024ರ ಡಿಸೆಂಬರ್‌ನಲ್ಲಿ ಹ್ಯಾಂಬರ್ಗ್‌ನಲ್ಲಿ ನಡೆದ ಕೇಯಾಸ್ ಕಂಪ್ಯೂಟರ್ ಕ್ಲಬ್ ಎಂಬ ಹ್ಯಾಕರ್‌ಗಳ ಸಂಘದ ಸಮಾವೇಶದಲ್ಲಿ ಬಿಯಾಂಕಾ ಕಾಸ್ಟ್ಲ್ ಮತ್ತು ಮಾರ್ಟಿನ್ ಚಿರ್ಸಿಶ್ ಎಂಬ ಭದ್ರತಾ ತಜ್ಞರು ಈ ಹೊಸ ಕಡತಗಳನ್ನು ಹೊರಗಿನವರು ಹೇಗೆ ತೆರೆಯಬಹುದೆಂದು ತೋರಿಸಿದರು. ಗೂಢಲಿಪಿಯನ್ನು ಮುರಿಯುವ ಅಗತ್ಯವೇ ಅವರಿಗೆ ಬರಲಿಲ್ಲ. ಕಾರ್ಡುಗಳನ್ನು ಹಂಚುವ ಪ್ರಕ್ರಿಯೆಯೇ ಸಡಿಲವಾಗಿತ್ತು. ಬೇರೆಯವರ ಆರೋಗ್ಯ ಕಾರ್ಡನ್ನು ಸಲೀಸಾಗಿ ತರಿಸಿಕೊಳ್ಳಬಹುದಾಗಿತ್ತು, ಚಿಕಿತ್ಸಾಲಯದ ಗುರುತಿನ ಕಾರ್ಡನ್ನೂ ಪಡೆಯಬಹುದಾಗಿತ್ತು. ಜೊತೆಗೆ, ರೋಗಿಯ ಕಾರ್ಡ್ ನಿಜವಾಗಿ ಎದುರಿಗಿದೆಯೇ ಎಂಬುದನ್ನು ವ್ಯವಸ್ಥೆ ದೃಢಪಡಿಸಿಕೊಳ್ಳುತ್ತಿರಲಿಲ್ಲ. ಇದರ ನಂತರವೇ ಹೆಚ್ಚುವರಿ ರಕ್ಷಣೆಗಳು ಬಂದವು. ಏಪ್ರಿಲ್ ಕೊನೆಗೆ ದೇಶವ್ಯಾಪಿ ಆರಂಭವಾದ ಬೆನ್ನಲ್ಲೇ ಮತ್ತೊಂದು ದಾರಿಯನ್ನು ಅವರು ತೋರಿಸಿದರು, ಗೆಮಾಟಿಕ್ ಅದನ್ನು ಮುಚ್ಚಬೇಕಾಯಿತು.

ಸೋರಿಕೆಯಾದರೆ ಏನಾಗುತ್ತದೆ ಎಂಬುದಕ್ಕೆ ಫಿನ್‌ಲ್ಯಾಂಡ್ ನೋಡಿ. ವಸ್ತಾಮೊ ಎಂಬ ಖಾಸಗಿ ಮನೋಚಿಕಿತ್ಸಾ ಕೇಂದ್ರದಿಂದ ಕದ್ದ ಸುಮಾರು 33,000 ಜನರ ಟಿಪ್ಪಣಿಗಳನ್ನು ಇಟ್ಟುಕೊಂಡು 2020ರಲ್ಲಿ ಒಬ್ಬ ಅಪರಾಧಿ ಮೊದಲು ಕಂಪನಿಯನ್ನೂ ಆಮೇಲೆ ಒಬ್ಬೊಬ್ಬ ರೋಗಿಯನ್ನೂ ಹಣಕ್ಕಾಗಿ ಬೆದರಿಸಿದ. ಮಾನಸಿಕ ವೈದ್ಯರೊಡನೆ ಮುಚ್ಚಿದ ಬಾಗಿಲ ಹಿಂದೆ ಆಡಿದ ಮಾತುಗಳು ಅಂತರ್ಜಾಲದಲ್ಲಿ ಬಿದ್ದವು. ಕಳೆದುಹೋದ ಬ್ಯಾಂಕ್ ಕಾರ್ಡಿಗೆ ಬದಲಿ ಕೊಡಬಹುದು, ಆದರೆ ಒಮ್ಮೆ ಹೊರಬಿದ್ದ ರೋಗದ ಇತಿಹಾಸವನ್ನು ಮತ್ತೆ ಒಳಗೆ ಸೇರಿಸಲಾಗದು. ಅದು ಆ ದೇಶದ ಸರ್ಕಾರಿ ಜಾಲದಿಂದ ಸೋರಿದ್ದಲ್ಲ, ಒಂದು ಕಂಪನಿ ತನ್ನ ದತ್ತಾಂಶ ಕೋಶವನ್ನು ಸರಿಯಾಗಿ ಕಾಯದೆ ಬಿಟ್ಟದ್ದರಿಂದ ಆದದ್ದು ಎಂಬುದನ್ನೂ ಹೇಳಬೇಕು. ಕೇಂದ್ರೀಕೃತ ವ್ಯವಸ್ಥೆ ಮಾತ್ರ ಅಪಾಯ, ಚಿಕ್ಕದು ಸುರಕ್ಷಿತ ಎಂಬ ನಂಬಿಕೆಗೂ ಅಲ್ಲಿ ಆಧಾರ ಸಿಗುವುದಿಲ್ಲ.

ಕರಾವಳಿಯ ನರ್ಸ್, ಐರ್ಲೆಂಡ್

ಮಂಗಳೂರು, ಬೆಂಗಳೂರಿನ ನರ್ಸಿಂಗ್ ಕಾಲೇಜುಗಳಲ್ಲಿ ಓದಿ ಇಲ್ಲಿನ ವಾರ್ಡುಗಳಲ್ಲಿ ಕೆಲಸ ಮಾಡುತ್ತಿರುವವರು ಬಹಳ ಮಂದಿ ಇದ್ದೇವೆ. ಮೇಲಿನವರು ಕಾನೂನು ಮತ್ತು ಗೂಢಲಿಪಿಯ ಬಗ್ಗೆ ಬರೆದಿದ್ದಾರೆ. ವಾರ್ಡಿನಲ್ಲಿ ಏನಾಗುತ್ತದೆ ಎಂಬುದನ್ನು ನಾನು ಬರೆಯುತ್ತೇನೆ.

2021ರ ಮೇ 14ರ ಶುಕ್ರವಾರ ಬೆಳಗಾಗುವ ಮೊದಲೇ ಐರ್ಲೆಂಡ್‌ನ ಆರೋಗ್ಯ ಸೇವಾ ಸಂಸ್ಥೆಯಾದ ಎಚ್‌ಎಸ್‌ಇ ತನ್ನ ಎಲ್ಲ ಗಣಕ ವ್ಯವಸ್ಥೆಗಳನ್ನು ತಾನೇ ಮುಚ್ಚಬೇಕಾಯಿತು. ಕಾಂಟಿ ಎಂಬ ಅಪರಾಧಿ ಗುಂಪು ರಾನ್ಸಮ್‌ವೇರ್, ಅಂದರೆ ಗಣಕಗಳಿಗೆ ಬೀಗ ಹಾಕಿ ಒತ್ತೆಹಣ ಕೇಳುವ ಕುತಂತ್ರಾಂಶ, ಹರಡಿತ್ತು. ಆಮೇಲೆ ಪ್ರಕಟವಾದ ತನಿಖಾ ವರದಿಯ ಪ್ರಕಾರ, ಸುಮಾರು ಎರಡು ತಿಂಗಳ ಹಿಂದೆ, ಮಾರ್ಚ್ 18ರಂದು, ಇಮೇಲ್‌ನಲ್ಲಿ ಬಂದ ಒಂದು ಎಕ್ಸೆಲ್ ಕಡತವನ್ನು ಯಾರೋ ತೆರೆದಾಗಲೇ ಅದು ಒಳಗೆ ಬಂದಿತ್ತು. ನಡುವಿನ ವಾರಗಳಲ್ಲಿ ಎಚ್ಚರಿಕೆಯ ಸೂಚನೆಗಳು ಕಂಡಿದ್ದರೂ ಅವುಗಳ ಬೆನ್ನು ಹತ್ತಿದವರಿರಲಿಲ್ಲ. ಸರ್ಕಾರ ಒತ್ತೆಹಣ ಕೊಡಲಿಲ್ಲ. ಮೇ 20ರಂದು ಅಪರಾಧಿಗಳೇ ಬೀಗ ತೆರೆಯುವ ಕೀಲಿಯನ್ನು ಕೊಟ್ಟರು, ಆದರೂ ಎಲ್ಲ ಸರ್ವರ್‌ಗಳು ಸರಿಯಾಗಲು ಸೆಪ್ಟೆಂಬರ್ ಬಂತು. ಡಬ್ಲಿನ್‌ನ ರೊಟಂಡಾ ಹೆರಿಗೆ ಆಸ್ಪತ್ರೆ ಮೊದಲ ದಿನ 36 ವಾರ ದಾಟಿದ ಗರ್ಭಿಣಿಯರು ಮತ್ತು ತುರ್ತು ರೋಗಿಗಳನ್ನು ಬಿಟ್ಟು ಉಳಿದವರ ಹೊರರೋಗಿ ಭೇಟಿಗಳನ್ನು ರದ್ದುಪಡಿಸಿತ್ತು.

ಆ ವಾರಗಳಲ್ಲಿ ರಕ್ತಪರೀಕ್ಷೆಯ ವರದಿಗಳನ್ನು ಪ್ರಯೋಗಾಲಯದಿಂದ ಕೈಯಲ್ಲಿ ಹಿಡಿದು ತರಬೇಕಾಗಿತ್ತು. ಹಳೆಯ ಎಕ್ಸ್-ರೇ ಜೊತೆ ಹೊಸದನ್ನು ಹೋಲಿಸಲು ವೈದ್ಯರಿಗೆ ಆಗುತ್ತಿರಲಿಲ್ಲ. ಕ್ಯಾನ್ಸರ್ ರೋಗಿಗಳ ವಿಕಿರಣ ಚಿಕಿತ್ಸೆಗಳೇ ನಿಂತವು, ಏಕೆಂದರೆ ಎಷ್ಟು ಪ್ರಮಾಣ, ಯಾವ ಕೋನ ಎಂಬುದೆಲ್ಲ ಗಣಕದಲ್ಲಿಯೇ ಇತ್ತು. ಹಿರಿಯ ನರ್ಸ್‌ಗಳು ಕಾಗದದ ಚಾರ್ಟ್ ಬರೆದು ಅಭ್ಯಾಸವಿದ್ದವರು, ಅವರಿಂದ ಕಿರಿಯರು ಕಲಿಯಬೇಕಾಯಿತು. ಡಿಜಿಟಲ್ ಬೇಡವೆಂದು ನಾನು ಹೇಳುತ್ತಿಲ್ಲ, ಖಂಡಿತ ಬೇಕು. ಆದರೆ ಪ್ರತಿ ಆಸ್ಪತ್ರೆಯೂ ವರ್ಷಕ್ಕೊಮ್ಮೆಯಾದರೂ ಗಣಕವಿಲ್ಲದೆ ಒಂದು ಪಾಳಿಯನ್ನು ನಡೆಸುವ ಅಭ್ಯಾಸ ಮಾಡಬೇಕು. ಬೆಂಕಿ ಅವಘಡದ ಅಣಕು ಕಾರ್ಯಾಚರಣೆಯನ್ನು ಎಲ್ಲ ಕಡೆ ಮಾಡುತ್ತೇವೆ, ಇದನ್ನು ಮಾಡುವ ಕಡೆಗಳು ಕಡಿಮೆ.

ಇನ್ನೊಂದು ಮಾತು. ಹೊಸ ತಂತ್ರಾಂಶ ಬಂದಾಗಲೆಲ್ಲ ನರ್ಸ್ ತುಂಬಬೇಕಾದ ಪರದೆಗಳ ಸಂಖ್ಯೆ ಹೆಚ್ಚುತ್ತದೆ. ಬಿದ್ದು ಪೆಟ್ಟಾಗುವ ಅಪಾಯದ ಅಂದಾಜು, ಚರ್ಮದ ಸ್ಥಿತಿ, ಆಹಾರ, ನೋವು ಎಲ್ಲವೂ ಬೇರೆ ಬೇರೆ ಪುಟ. ಆ ಪುಟಗಳನ್ನು ಓದುವವರು ಯಾರು ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ. ರೋಗಿಯ ಮುಖ ನೋಡಬೇಕಾದ ಸಮಯ ಪರದೆಗೆ ಹೋಗುತ್ತದೆ. ಈ ವೆಚ್ಚವನ್ನು ಯಾವ ಯೋಜನಾ ವರದಿಯಲ್ಲಿಯೂ ನಾನು ಕಂಡಿಲ್ಲ.

ಕೋಪನ್‌ಹೇಗನ್‌ನ ಕುಟುಂಬ ವೈದ್ಯೆ

ನರ್ಸ್ ಅವರ ಕೊನೆಯ ಮಾತಿಗೆ ಡೆನ್ಮಾರ್ಕ್‌ನಲ್ಲಿ ದೊಡ್ಡ ಸಾಕ್ಷಿಯೇ ಇದೆ. ಈ ದೇಶ ಒಂದೇ ವಿಷಯದಲ್ಲಿ ಅತ್ಯುತ್ತಮ ದಾರಿಯನ್ನೂ ಅತ್ಯಂತ ಕಷ್ಟದ ದಾರಿಯನ್ನೂ ನಡೆದು ನೋಡಿದೆ.

ಮೊದಲನೆಯದು ಹೀಗೆ. 1968ರಿಂದಲೇ ಇಲ್ಲಿ ಪ್ರತಿಯೊಬ್ಬರಿಗೂ ಸಿಪಿಆರ್ ಎಂಬ ವೈಯಕ್ತಿಕ ಸಂಖ್ಯೆಯಿದೆ. 1994ರಲ್ಲಿ ಮೆಡ್‌ಕಾಮ್ ಎಂಬ ಸಂಸ್ಥೆಯನ್ನು ಕಟ್ಟಿದರು. ಎಲ್ಲರೂ ಒಂದೇ ತಂತ್ರಾಂಶವನ್ನು ಕೊಳ್ಳಲಿ ಎಂದು ಅದು ಹೇಳಲಿಲ್ಲ. ಶಿಫಾರಸು ಪತ್ರ, ಪ್ರಯೋಗಾಲಯದ ವರದಿ, ಬಿಡುಗಡೆ ಪತ್ರ, ಔಷಧ ಚೀಟಿ ಇವು ಯಾವ ರೂಪದಲ್ಲಿ ಒಂದು ಗಣಕದಿಂದ ಇನ್ನೊಂದಕ್ಕೆ ಹೋಗಬೇಕು ಎಂಬುದನ್ನು ಮಾತ್ರ ನಿಗದಿಪಡಿಸಿತು. ನಾವು ಕುಟುಂಬ ವೈದ್ಯರು ನಮಗೆ ಒಪ್ಪುವ ತಂತ್ರಾಂಶವನ್ನು ಬಳಸುತ್ತೇವೆ, ಸಂದೇಶ ಮಾತ್ರ ಎಲ್ಲರಿಗೂ ಅರ್ಥವಾಗುವಂತಿರುತ್ತದೆ. 2003ರಲ್ಲಿ ನಾಗರಿಕರಿಗೆಂದು ಸುನ್ಹೆಡ್ ಪೋರ್ಟಲ್ ಬಂತು. ಆಮೇಲೆ ಬಂದ, ಒಬ್ಬ ರೋಗಿಯ ಔಷಧಗಳನ್ನೆಲ್ಲ ಒಂದೇ ಕಡೆ ತೋರಿಸುವ ಹಂಚಿಕೆಯ ಔಷಧ ಪಟ್ಟಿಯನ್ನು ಆಸ್ಪತ್ರೆ, ಕುಟುಂಬ ವೈದ್ಯ, ಮನೆಗೆ ಬರುವ ನರ್ಸ್ ಮತ್ತು ರೋಗಿ ಎಲ್ಲರೂ ನೋಡುತ್ತಾರೆ. ಲಿಪೊಬೇ ಪ್ರಕರಣದಲ್ಲಿ ಜರ್ಮನಿ ಬಯಸಿದ್ದು ಇದನ್ನೇ ಅಲ್ಲವೇ? ಅಂದಹಾಗೆ, ರೋಗಿ ಇಮೇಲ್‌ನಲ್ಲಿ ಕೇಳಿದ ಪ್ರಶ್ನೆಗೆ ಉತ್ತರಿಸಿದರೆ ಇಲ್ಲಿ ವೈದ್ಯರಿಗೆ ಶುಲ್ಕ ಸಿಗುತ್ತದೆ. ಸಣ್ಣ ಸಂಗತಿಯಂತೆ ಕಂಡರೂ, ವೈದ್ಯರು ಒಲವು ತೋರಲು ಇದು ದೊಡ್ಡ ಕಾರಣ.

ಎರಡನೆಯದು ಆಸ್ಪತ್ರೆಗಳಲ್ಲಿ ನಡೆದದ್ದು. ರಾಜಧಾನಿ ಪ್ರದೇಶ ಮತ್ತು ಪಕ್ಕದ ಜೀಲ್ಯಾಂಡ್ ಪ್ರದೇಶ ಸೇರಿ ಅಮೆರಿಕದ ಎಪಿಕ್ ಕಂಪನಿಯ ತಂತ್ರಾಂಶವನ್ನು ಕೊಂಡು ‘ಸುನ್ಹೆಡ್ಸ್‌ಪ್ಲಾಟ್‌ಫಾರ್ಮೆನ್’ ಎಂಬ ಹೆಸರಿನಲ್ಲಿ 2016ರ ಮೇ ತಿಂಗಳಿನಲ್ಲಿ ಹೆರ್ಲೆವ್ ಮತ್ತು ಗೆಂಟೋಫ್ಟೆ ಆಸ್ಪತ್ರೆಗಳಲ್ಲಿ ಆರಂಭಿಸಿದವು. ಅದು ಬೇರೊಂದು ದೇಶದ, ಪ್ರತಿ ಸೇವೆಗೂ ಬಿಲ್ ಮಾಡುವ ಪದ್ಧತಿಯೊಳಗೆ ಬೆಳೆದ ತಂತ್ರಾಂಶ. ಡೆನ್ಮಾರ್ಕ್‌ನಲ್ಲಿ ವೈದ್ಯಕೀಯ ಕಾರ್ಯದರ್ಶಿಗಳು ಮಾಡುತ್ತಿದ್ದ ಟಿಪ್ಪಣಿ ಮತ್ತು ದಾಖಲೆಯ ಕೆಲಸ ವೈದ್ಯರ ಕೊರಳಿಗೆ ಬಿತ್ತು. ನೋಡುವ ರೋಗಿಗಳ ಸಂಖ್ಯೆ ಇಳಿಯಿತು, ಔಷಧ ಪಟ್ಟಿಯೊಡನೆ ಹೊಂದಾಣಿಕೆಯಲ್ಲಿ ತಪ್ಪುಗಳಾದವು, ವೈದ್ಯರು ಬಹಿರಂಗವಾಗಿ ಪ್ರತಿಭಟಿಸಿದರು, 2018ರಲ್ಲಿ ದೇಶದ ಲೆಕ್ಕಪರಿಶೋಧನಾ ಸಂಸ್ಥೆ ಕಟುವಾಗಿ ಟೀಕಿಸಿತು. ಇಷ್ಟೆಲ್ಲ ಕಣ್ಣೆದುರಿಗಿದ್ದರೂ ನಾರ್ವೆಯ ಟ್ರಾಂಡ್‌ಹೈಮ್‌ನ ಸೇಂಟ್ ಒಲಾವ್ಸ್ ಆಸ್ಪತ್ರೆಯಲ್ಲಿ 2022ರ ನವೆಂಬರ್‌ನಲ್ಲಿ ಅದೇ ಕಂಪನಿಯ ವ್ಯವಸ್ಥೆ ಬಂದಾಗ ಸಾವಿರಾರು ಪತ್ರಗಳು ರೋಗಿಗಳಿಗೂ ವೈದ್ಯರಿಗೂ ತಲುಪದೆ ಒಳಗೇ ಉಳಿದವು.

ಆದ್ದರಿಂದ ನನ್ನ ಅಭಿಪ್ರಾಯ ಸ್ಪಷ್ಟ: ಸಂದೇಶದ ಮಾನದಂಡವನ್ನು ಮೊದಲು ಗಟ್ಟಿ ಮಾಡಿದ ದೇಶಗಳು ಗೆದ್ದಿವೆ, ಎಲ್ಲವನ್ನೂ ಒಂದೇ ಬೃಹತ್ ತಂತ್ರಾಂಶಕ್ಕೆ ಒಪ್ಪಿಸಲು ಹೊರಟವು ದುಬಾರಿ ಬೆಲೆ ತೆತ್ತಿವೆ. ಇಂಗ್ಲೆಂಡ್ 2002ರಲ್ಲಿ ಆರಂಭಿಸಿ 2011ರಲ್ಲಿ ಕಳಚಿಹಾಕಿದ ಆರೋಗ್ಯ ಸೇವೆಯ ರಾಷ್ಟ್ರೀಯ ಐಟಿ ಕಾರ್ಯಕ್ರಮವನ್ನು ಬಲ್ಲವರು ಈ ಮಾತನ್ನು ಒಪ್ಪುತ್ತಾರೆ ಎಂದುಕೊಂಡಿದ್ದೇನೆ.

ರೈನ್ ತೀರದವ, ಕೊಲೋನ್

ವೈದ್ಯೆಯವರ ಬರಹ ಓದಿದ ಮೇಲೆ ಜರ್ಮನಿಯ ಗಂಟು ಎಲ್ಲಿದೆ ಎಂಬುದನ್ನು ಇನ್ನಷ್ಟು ಬಿಡಿಸಿ ಹೇಳಬಹುದೆನಿಸುತ್ತದೆ. 1883ರಲ್ಲಿ ಬಿಸ್ಮಾರ್ಕ್ ಕಾಲದಲ್ಲಿ ಆರಂಭವಾದ ವಿಮಾ ಪದ್ಧತಿಯ ಮೂಲ ತತ್ವ ಸ್ವಯಮಾಡಳಿತ. ಸರ್ಕಾರ ಚೌಕಟ್ಟು ಹಾಕುತ್ತದೆ, ಒಳಗಿನ ನಿರ್ಧಾರಗಳನ್ನು ವಿಮಾ ನಿಧಿಗಳ, ವೈದ್ಯರ, ಆಸ್ಪತ್ರೆಗಳ, ಔಷಧಾಲಯಗಳ ಒಕ್ಕೂಟಗಳು ಪರಸ್ಪರ ಒಪ್ಪಿ ತೆಗೆದುಕೊಳ್ಳುತ್ತವೆ. ಇದು ಅನೇಕ ವಿಷಯಗಳಲ್ಲಿ ಒಳ್ಳೆಯದೇ. ಆದರೆ ಗೆಮಾಟಿಕ್‌ನ ಪಾಲುದಾರರು ಇವರೆಲ್ಲರೂ ಆಗಿದ್ದರಿಂದ ಯಾರಿಗೆ ಬೇಡವೋ ಅವರು ತಡೆಯಬಹುದಾಗಿತ್ತು. ಕಡತ ಬಂದರೆ ತಮ್ಮ ಚಿಕಿತ್ಸೆಯನ್ನು ವಿಮಾ ನಿಧಿಗಳು ಅಳೆಯುತ್ತವೆ ಎಂಬ ಆತಂಕ ವೈದ್ಯರಿಗೆ, ಖರ್ಚು ಯಾರು ಹೊರಬೇಕು ಎಂಬ ತಕರಾರು ಎಲ್ಲರಿಗೂ. 2019ರಲ್ಲಿ ಆರೋಗ್ಯ ಸಚಿವಾಲಯ ಶೇ. 51 ಪಾಲನ್ನು ಕಾನೂನಿನ ಮೂಲಕ ತಾನೇ ತೆಗೆದುಕೊಂಡ ಮೇಲೆಯೇ ಬಂಡಿ ಚಲಿಸಿದ್ದು.

ಎರಡನೆಯ ತಳ್ಳುವಿಕೆ ಕೋವಿಡ್. 2020ರಲ್ಲಿ ಪ್ರಯೋಗಾಲಯಗಳ ಫಲಿತಾಂಶಗಳು ಅನೇಕ ಜಿಲ್ಲಾ ಆರೋಗ್ಯ ಕಚೇರಿಗಳಿಗೆ ಫ್ಯಾಕ್ಸ್‌ನಲ್ಲಿ ಬರುತ್ತಿದ್ದವು, ಅವುಗಳನ್ನು ಸಿಬ್ಬಂದಿ ಕೈಯಿಂದ ಮತ್ತೆ ಟೈಪ್ ಮಾಡುತ್ತಿದ್ದರು. ಆ ದೃಶ್ಯ ದೇಶಕ್ಕೆ ನಾಚಿಕೆ ತಂದಿತು. ಅದೇ ವರ್ಷ ಆಸ್ಪತ್ರೆಗಳ ಆಧುನೀಕರಣಕ್ಕೆಂದು ಕೇಂದ್ರ ಮತ್ತು ರಾಜ್ಯಗಳು ಸೇರಿ 430 ಕೋಟಿ ಯೂರೋವರೆಗೆ ಕೊಡುವ ಕಾನೂನು ಬಂತು. ವೈದ್ಯರು ಬರೆದುಕೊಡಬಹುದಾದ, ವಿಮೆ ಹಣ ಕೊಡುವ ಆರೋಗ್ಯ ಆ್ಯಪ್‌ಗಳ ಮೊದಲ ಪಟ್ಟಿ ಪ್ರಕಟವಾದದ್ದೂ ಅದೇ ವರ್ಷದ ಅಕ್ಟೋಬರ್‌ನಲ್ಲಿ. ಇದರಲ್ಲಿ ಮಾತ್ರ ಜರ್ಮನಿ ಜಗತ್ತಿಗೇ ಮೊದಲು ಎನ್ನಬಹುದು.

ಇ-ಪ್ರಿಸ್ಕ್ರಿಪ್ಷನ್‌ನ ಪಾಠವನ್ನು ಬೇರೆಯಾಗಿಯೇ ಹೇಳಬೇಕು. ಆರಂಭದಲ್ಲಿ ಅದನ್ನು ಪಡೆಯಲು ಆ್ಯಪ್, ಪಿನ್, ಗುರುತಿನ ದೃಢೀಕರಣ ಎಂದೆಲ್ಲ ಸುತ್ತು ಹೊಡೆಸಿದರು, ಇಲ್ಲವಾದರೆ ಕೋಡ್ ಮುದ್ರಿಸಿದ ಕಾಗದ. ಜನ ಸೇರಲಿಲ್ಲ. 2023ರಲ್ಲಿ ಔಷಧಾಲಯದಲ್ಲಿ ವಿಮಾ ಕಾರ್ಡನ್ನು ಯಂತ್ರಕ್ಕೆ ಸೇರಿಸಿದರೆ ಸಾಕು ಎಂದು ಮಾಡಿದ ಕೂಡಲೇ ಎಲ್ಲರೂ ಬಳಸತೊಡಗಿದರು. 2024ರ ಜನವರಿ 1ರಿಂದ ಅದು ಕಡ್ಡಾಯವಾಯಿತು, ದಶಕಗಳ ಗುಲಾಬಿ ಬಣ್ಣದ ಚೀಟಿ ಬಹುತೇಕ ಮರೆಯಾಯಿತು. ಎಂಬತ್ತರ ಅಜ್ಜಿಗೂ ಕಾರ್ಡ್ ಹಿಡಿದುಕೊಂಡು ಹೋಗುವುದು ಗೊತ್ತಿತ್ತು.

ಕ್ರಾಕೋವ್‌ನಿಂದ

ಪೋಲೆಂಡ್‌ನ ವಿಷಯ ಯಾರೂ ಹೇಳಲಿಲ್ಲ. ಇಲ್ಲಿ 2020ರ ಜನವರಿ 8ರಿಂದ ಇ-ಪ್ರಿಸ್ಕ್ರಿಪ್ಷನ್ ಕಡ್ಡಾಯ. ಎಸ್‌ಎಂಎಸ್‌ನಲ್ಲಿ ನಾಲ್ಕು ಅಂಕಿಗಳ ಒಂದು ಕೋಡ್ ಬರುತ್ತದೆ, ಔಷಧಾಲಯದಲ್ಲಿ ಆ ಕೋಡ್ ಮತ್ತು ನಮ್ಮ ರಾಷ್ಟ್ರೀಯ ಸಂಖ್ಯೆಯನ್ನು ಹೇಳಿದರೆ ಔಷಧ ಸಿಗುತ್ತದೆ. ಸಾಮಾನ್ಯ ಫೋನ್ ಇದ್ದರೆ ಸಾಕು. ಎರಡು ತಿಂಗಳಲ್ಲಿ ಕೋವಿಡ್ ಬಂದಾಗ ಈ ವ್ಯವಸ್ಥೆ ಸಿದ್ಧವಾಗಿತ್ತು. ಬರ್ಟೆಲ್ಸ್‌ಮನ್ ಪ್ರತಿಷ್ಠಾನದ 2018ರ ಹೋಲಿಕೆಯಲ್ಲಿ ಪೋಲೆಂಡ್ ಜರ್ಮನಿಗಿಂತಲೂ ಕೆಳಗೆ, 17ನೆಯದಾಗಿ ಇತ್ತು ಎಂಬುದನ್ನು ನೆನಪಿಸಲು ಬಯಸುತ್ತೇನೆ. ಎರಡು ವರ್ಷದೊಳಗೆ ಇಷ್ಟನ್ನು ಮಾಡಲು ಸಾಧ್ಯವಾಯಿತು.

ಮೈಸೂರಿನ ಹಿರಿಯ ಓದುಗ

ತುಂಬ ಉಪಯುಕ್ತ ಚರ್ಚೆ. ನಿವೃತ್ತ ಅಧ್ಯಾಪಕನಾದ ನನಗೆ ತಂತ್ರಜ್ಞಾನದ ಸೂಕ್ಷ್ಮಗಳು ತಿಳಿಯವು, ಆದರೆ ಮಗಳು ಸ್ಟುಟ್‌ಗಾರ್ಟ್‌ನಲ್ಲಿರುವುದರಿಂದ ಆಸಕ್ತಿಯಿದೆ. ಎರಡು ಪ್ರಶ್ನೆಗಳು. ಬೇಡ ಎನ್ನದವರೆಲ್ಲ ಒಪ್ಪಿದಂತೆ ಎಂದು ಸರ್ಕಾರ ತಿಳಿಯುವುದು ನ್ಯಾಯವೇ? ಒಂದು ದೇಶದಲ್ಲಿ ಬರೆದ ಔಷಧ ಇನ್ನೊಂದು ದೇಶದಲ್ಲಿ ಸಿಗುವ ಕಾಲ ಬಂದಿದೆಯೇ?

ಚಿತ್ರಣ ತಂತ್ರಾಂಶದವನು, ಬೆಂಗಳೂರು

ಮೊದಲ ಪ್ರಶ್ನೆಯೇ ಈ ಚರ್ಚೆಯ ಹೃದಯ ಎಂದು ನಾನು ಭಾವಿಸುತ್ತೇನೆ. ನೆದರ್‌ಲ್ಯಾಂಡ್ಸ್‌ನಲ್ಲಿ ಇದೇ ಪ್ರಶ್ನೆಯನ್ನು ಎತ್ತಿ 2011ರ ಏಪ್ರಿಲ್‌ನಲ್ಲಿ ಸಂಸತ್ತಿನ ಮೇಲ್ಮನೆ ರಾಷ್ಟ್ರೀಯ ರೋಗಿ ಕಡತದ ಮಸೂದೆಯನ್ನು ಸರ್ವಾನುಮತದಿಂದ ತಿರಸ್ಕರಿಸಿತು. ಆಮೇಲೆ ಅದೇ ಜಾಲವನ್ನು ವೈದ್ಯರು, ಔಷಧಾಲಯಗಳ ಒಕ್ಕೂಟಗಳು ರೋಗಿಯ ಸ್ಪಷ್ಟ ಒಪ್ಪಿಗೆಯ ಮೇಲೆ ನಡೆಸಿಕೊಂಡು ಬಂದವು. ಇಂಗ್ಲೆಂಡ್‌ನಲ್ಲಿ ಕುಟುಂಬ ವೈದ್ಯರ ದಾಖಲೆಗಳನ್ನು ಒಂದುಗೂಡಿಸಿ ಸಂಶೋಧನೆಗೆ ಕೊಡುವ ‘ಕೇರ್ ಡಾಟಾ’ ಯೋಜನೆ 2016ರಲ್ಲಿ ಮುಚ್ಚಿಹೋಯಿತು. ಮನೆ ಮನೆಗೆ ಹಂಚಿದ ಕರಪತ್ರದಲ್ಲಿ ಬೇಡ ಎನ್ನುವುದು ಹೇಗೆಂಬುದೇ ಸರಿಯಾಗಿರಲಿಲ್ಲ ಎಂಬುದು ಅದರ ಮೇಲಿದ್ದ ದೊಡ್ಡ ಆಕ್ಷೇಪ. ಲಂಡನ್‌ನ ರಾಯಲ್ ಫ್ರೀ ಆಸ್ಪತ್ರೆ ಸಮೂಹ 16 ಲಕ್ಷ ರೋಗಿಗಳ ಮಾಹಿತಿಯನ್ನು ಗೂಗಲ್‌ನ ಕೃತಕ ಬುದ್ಧಿಮತ್ತೆ ಕಂಪನಿ ಡೀಪ್‌ಮೈಂಡ್‌ಗೆ ಒಂದು ಆ್ಯಪ್‌ಗಾಗಿ ಕೊಟ್ಟ ರೀತಿ ಕಾನೂನಿಗೆ ಅನುಗುಣವಾಗಿರಲಿಲ್ಲ ಎಂದು ಅಲ್ಲಿನ ಮಾಹಿತಿ ಆಯುಕ್ತರು 2017ರಲ್ಲಿ ಹೇಳಿದರು. ಆ ಆ್ಯಪ್ ಮೂತ್ರಪಿಂಡದ ತೀವ್ರ ಹಾನಿಯನ್ನು ಬೇಗ ಗುರುತಿಸಲೆಂದೇ ಇತ್ತು, ಉದ್ದೇಶ ಕೆಟ್ಟದ್ದಾಗಿರಲಿಲ್ಲ. ಆದರೂ ರೋಗಿಗಳಿಗೆ ಹೇಳಿರಲಿಲ್ಲ.

ನನ್ನ ಉತ್ತರ: ಒಪ್ಪಿಗೆಯನ್ನು ಮೊದಲೇ ಭಾವಿಸಿಕೊಳ್ಳುವುದು ನ್ಯಾಯವಾಗಬೇಕಾದರೆ, ಬೇಡ ಎನ್ನುವುದು ಬೇಕು ಎನ್ನುವಷ್ಟೇ ಸುಲಭವಿರಬೇಕು, ಆಯ್ದ ಭಾಗವನ್ನಷ್ಟೇ ಮರೆಮಾಡಲೂ ಸಾಧ್ಯವಿರಬೇಕು. ಜರ್ಮನಿಯ ಈಗಿನ ಕಡತದಲ್ಲಿ ಒಂದು ದಾಖಲೆಯನ್ನು ಎಲ್ಲರಿಂದ ಮರೆಮಾಡಬಹುದು, ಆದರೆ ಮನೋವೈದ್ಯರಿಗೆ ಕಾಣಿಸಿ ದಂತವೈದ್ಯರಿಗೆ ಮಾತ್ರ ಕಾಣದಂತೆ ಮಾಡುವ ಸೌಲಭ್ಯದೊಡನೆ ಅದು ಆರಂಭವಾಗಲಿಲ್ಲ. ಎಚ್‌ಐವಿ ಸೋಂಕಿತರ ಸಂಘಟನೆಗಳು ಇದನ್ನು ಆರಂಭದಿಂದಲೇ ಆಕ್ಷೇಪಿಸಿವೆ, ಅವರ ಆಕ್ಷೇಪ ಸರಿಯಾದದ್ದು ಎಂದೇ ನನ್ನ ಅಭಿಪ್ರಾಯ.

ಟಾರ್ಟು ಸಂಶೋಧಕಿ

ಎರಡನೆಯ ಪ್ರಶ್ನೆಗೆ: ಬಂದಿದೆ, ಆದರೆ ಎಲ್ಲ ಕಡೆ ಅಲ್ಲ. 2019ರ ಜನವರಿಯಿಂದ ಫಿನ್‌ಲ್ಯಾಂಡ್‌ನಲ್ಲಿ ಬರೆದ ಇ-ಪ್ರಿಸ್ಕ್ರಿಪ್ಷನ್‌ಗೆ ಎಸ್ಟೋನಿಯಾದ ಔಷಧಾಲಯಗಳಲ್ಲಿ ಔಷಧ ಸಿಗುತ್ತಿದೆ. ಯುರೋಪಿಯನ್ ಒಕ್ಕೂಟದಲ್ಲಿ ಇಂಥ ವಿನಿಮಯ ಮೊದಲು ಆದದ್ದು ಈ ಎರಡು ದೇಶಗಳ ನಡುವೆ. ಇದನ್ನು ಎಲ್ಲ 27 ದೇಶಗಳಿಗೂ ಕಡ್ಡಾಯ ಮಾಡುವ ‘ಯುರೋಪಿಯನ್ ಆರೋಗ್ಯ ದತ್ತಾಂಶ ವಲಯ’ ಎಂಬ ನಿಯಮಾವಳಿ 2025ರ ಮಾರ್ಚ್ 26ರಂದು ಜಾರಿಗೆ ಬಂದಿದೆ. ಅದರ ಪ್ರಕಾರ ರೋಗಿಯ ಸಾರಾಂಶ ಮತ್ತು ಔಷಧ ಚೀಟಿಗಳು 2029ರ ಮಾರ್ಚ್ ಹೊತ್ತಿಗೆ, ಸ್ಕ್ಯಾನ್ ಚಿತ್ರಗಳು, ಪ್ರಯೋಗಾಲಯದ ವರದಿಗಳು ಮತ್ತು ಬಿಡುಗಡೆ ಪತ್ರಗಳು 2031ರ ಮಾರ್ಚ್ ಹೊತ್ತಿಗೆ ಗಡಿ ದಾಟಿ ಹೋಗುವಂತಿರಬೇಕು. ಯಾರು ನೋಡಿದರು ಎಂದು ತಿಳಿಯುವ ಹಕ್ಕು, ಮಾಹಿತಿಯನ್ನು ನಿರ್ಬಂಧಿಸುವ ಹಕ್ಕು, ಸಂಶೋಧನೆಗೆ ಕೊಡಬೇಡಿ ಎನ್ನುವ ಹಕ್ಕು ಇವು ಆ ನಿಯಮಾವಳಿಯಲ್ಲಿಯೇ ಇವೆ. ಆರೋಗ್ಯ ಸೇವೆಯ ವ್ಯವಸ್ಥೆ ಆಯಾ ದೇಶದ ಅಧಿಕಾರ ಎಂದು ಒಕ್ಕೂಟದ ಒಪ್ಪಂದವೇ ಹೇಳುವುದರಿಂದ, ಬ್ರಸೆಲ್ಸ್‌ಗೆ ಒಂದು ಆಸ್ಪತ್ರೆಯನ್ನೂ ನಡೆಸುವ ಅಧಿಕಾರವಿಲ್ಲ. ಮೆಡ್‌ಕಾಮ್ ಮಾಡಿದಂತೆ ಸಂದೇಶದ ರೂಪವನ್ನು ನಿಗದಿಪಡಿಸುವುದು ಅದರ ಕೈಲಾಗುವ ಕೆಲಸ.

ಕರಾವಳಿಯ ನರ್ಸ್, ಐರ್ಲೆಂಡ್

2031ರ ಹೊತ್ತಿಗೆ ಈ ವರದಿಗಳು ಗಡಿ ದಾಟಬೇಕಾದರೆ ಮೊದಲು ಅವು ವಾರ್ಡಿನಲ್ಲಿ ಡಿಜಿಟಲ್ ಆಗಿ ಹುಟ್ಟಬೇಕು. ಐರ್ಲೆಂಡ್‌ನ ಹಲವು ಆಸ್ಪತ್ರೆಗಳಲ್ಲಿ ರೋಗಿಯ ಮುಖ್ಯ ಕಡತ ಇನ್ನೂ ಕಾಗದದ್ದೇ. ನಿಯಮ ಬರೆಯುವವರು ಮೊದಲು ರಾತ್ರಿ ಪಾಳಿಯ ಒಬ್ಬ ನರ್ಸ್ ಎಷ್ಟು ರೋಗಿಗಳನ್ನು ನೋಡುತ್ತಾಳೆ, ಒಂದು ಗಣಕಕ್ಕಾಗಿ ಎಷ್ಟು ಮಂದಿ ಕಾಯುತ್ತಾರೆ ಎಂಬುದನ್ನು ಕೇಳಿ ತಿಳಿಯಲಿ. ತಂತ್ರಾಂಶ ಕೊಳ್ಳುವ ಸಮಿತಿಯಲ್ಲಿ ವಾರ್ಡಿನವರಿಗೆ ಮತದ ಹಕ್ಕಿರುವ ಸ್ಥಾನ ಬೇಕು, ಸಲಹೆಗಾರರ ಸ್ಥಾನ ಸಾಲದು.

ಮೈಸೂರಿನ ಹಿರಿಯ ಓದುಗ

ಎಲ್ಲರಿಗೂ ಧನ್ಯವಾದಗಳು. ಹಾಗಾದರೆ ಮಗಳಿಗೆ ಏನು ಹೇಳಲಿ? ಅವಳು ಕಡತವನ್ನು ಇಟ್ಟುಕೊಳ್ಳಬೇಕೇ, ಬೇಡ ಎನ್ನಬೇಕೇ?

ರೈನ್ ತೀರದವ, ಕೊಲೋನ್

ಇಟ್ಟುಕೊಳ್ಳಲಿ ಎಂದೇ ನನ್ನ ಸಲಹೆ, ಆದರೆ ತೆರೆದು ನೋಡದೆ ಬಿಡಬಾರದು. ತನ್ನ ವಿಮಾ ನಿಧಿಯ ಆ್ಯಪ್‌ನಲ್ಲಿ ನೋಂದಾಯಿಸಿಕೊಂಡು ಮೊದಲು ಔಷಧ ಪಟ್ಟಿ ಸರಿಯಾಗಿದೆಯೇ ಎಂದು ನೋಡಲಿ, ಆಮೇಲೆ ವಿಮಾ ನಿಧಿ ಸೇರಿಸಿರುವ ಬಿಲ್ಲಿನ ಮಾಹಿತಿಯನ್ನು ನೋಡಲಿ. ಎಂದೋ ಬಿಲ್ಲಿಗೆಂದು ಬರೆದ ರೋಗನಿರ್ಣಯಗಳು ಅಲ್ಲಿ ಇರುತ್ತವೆ, ಅವು ಎಲ್ಲರಿಗೂ ಕಾಣುವುದು ಬೇಡವೆಂದರೆ ಆ ಭಾಗವನ್ನು ಮರೆಮಾಡಬಹುದು. ಚಿಕಿತ್ಸಾಲಯದಲ್ಲಿ ಕಾರ್ಡ್ ಸೇರಿಸಿದ ಮೇಲೆ ಅಲ್ಲಿನವರಿಗೆ 90 ದಿನ, ಔಷಧಾಲಯಕ್ಕೆ ಮೂರು ದಿನ ಕಡತ ತೆರೆದಿರುತ್ತದೆ. ಒಮ್ಮೆ ಹೋಗಿ ಮತ್ತೆ ಹೋಗದ ವೈದ್ಯರಿದ್ದರೆ ಆ ಅವಧಿಯನ್ನು ಆ್ಯಪ್‌ನಲ್ಲೇ ಮೊಟಕುಗೊಳಿಸಬಹುದು. ಯಾರು ತೆರೆದರು ಎಂಬ ಪಟ್ಟಿಯೂ ಅಲ್ಲಿದೆ, ಎಸ್ಟೋನಿಯಾದವರಂತೆ ಆಗಾಗ ಅದನ್ನು ನೋಡುವ ರೂಢಿ ಮಾಡಿಕೊಳ್ಳಲಿ. ಆ್ಯಪ್ ಬೇಡವಾದವರಿಗಾಗಿ ಪ್ರತಿ ವಿಮಾ ನಿಧಿಯಲ್ಲಿಯೂ ಒಂದು ಸಹಾಯ ವಿಭಾಗವಿರಬೇಕೆಂದು ಕಾನೂನಿದೆ, ಪತ್ರ ಬರೆದು ಕೇಳಿದರೆ ಅವರು ಈ ಪಟ್ಟಿಯನ್ನು ಕಳುಹಿಸಬೇಕು. ಮಗುವಿದ್ದರೆ 15 ವರ್ಷ ತುಂಬುವವರೆಗೆ ಅದರ ಕಡತದ ನಿರ್ಧಾರ ತಂದೆ ತಾಯಿಯದು. ಮಕ್ಕಳದ್ದನ್ನು ಅವರಿಗೆ ನೆನಪಿಸಿ, ಅನೇಕರು ಅದನ್ನೇ ಮರೆಯುತ್ತಾರೆ.